ಕಾರ್ವಿ ಗೋಡೆಯ ವಿದ್ಯೆ

ಮುಂಬಯಿಯ ಒಳಗೇ ಹಳ್ಳಿಗಳಿವೆ. ಗೋರೆಗಾಂವ್ ಪೂರ್ವದಿಂದ ಆರೆ ಕಾಲನಿಯ ರಸ್ತೆ ಹಿಡಿದವರು, ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳದಾರಿಯಲ್ಲಿ ನಡೆದವರು ಅವನ್ನು ನೋಡಿರುತ್ತಾರೆ. ಮರಗಳ ನಡುವೆ ಒಂದಷ್ಟು ಮನೆಗಳು, ಅಂಗಳದಲ್ಲಿ ಕೋಳಿ, ಬೇಲಿಯ ಮೇಲೆ ತೊಂಡೆಬಳ್ಳಿ, ಪಕ್ಕದಲ್ಲೇ ಸಣ್ಣ ಗದ್ದೆ. ಇಂಥ ಊರುಗಳಿಗೆ ಪಾಡಾ ಎಂದು ಹೆಸರು. ಆರೆಯೊಂದರಲ್ಲೇ 27 ಪಾಡಾಗಳಿವೆ ಎಂಬ ಲೆಕ್ಕವಿದೆ. 1949ರಲ್ಲಿ ಅಲ್ಲಿ ಹಾಲಿನ ಕಾಲನಿ ಬರುವುದಕ್ಕಿಂತ ಮುಂಚಿನಿಂದಲೂ ಈ ಕಾಡಿನಲ್ಲಿ ವಾರ್ಲಿಗಳೂ ಇತರ ಆದಿವಾಸಿಗಳೂ ಬದುಕಿದ್ದಾರೆ.

ಈಗ ಪಾಡಾಗಳ ಬಹುಪಾಲು ಮನೆಗಳಿಗೆ ಇಟ್ಟಿಗೆ, ಸಿಮೆಂಟ್, ತಗಡು ಬಂದಿವೆ. ಆದರೂ ಅಲ್ಲಲ್ಲಿ ಹಳೆಯ ಬಗೆಯ ಗೋಡೆ ಉಳಿದಿದೆ: ಕಾರ್ವಿ ಕಡ್ಡಿಗಳನ್ನು ಹೆಣೆದು, ಅದರ ಎರಡೂ ಮೈಗೆ ಮಣ್ಣು–ಸಗಣಿ ಮೆತ್ತಿ ಮಾಡಿದ ಗೋಡೆ. ಮರಾಠಿಯಲ್ಲಿ ಇದನ್ನು ಕುಡಾಚೆ ಘರ್ ಎನ್ನುತ್ತಾರೆ. ಪರಿಸರಸ್ನೇಹಿ ಮನೆ ಎಂದ ಕೂಡಲೇ ಸೌರಫಲಕ, ವಿದೇಶಿ ಗಾಜು, ದುಬಾರಿ ನಿರೋಧಕ ಹಾಳೆಗಳನ್ನು ನೆನೆಯುವ ಈ ಕಾಲದಲ್ಲಿ ಈ ಗೋಡೆಯನ್ನು ನಿಧಾನವಾಗಿ ನೋಡಬೇಕು ಎಂಬುದು ನನ್ನ ಆಸೆ. ಮುಂಬಯಿಯಲ್ಲಿ ದುಡಿದು ಊರಿನಲ್ಲಿ ಹೊಸ ಮನೆ ಕಟ್ಟಿಸಲು ಹೊರಟ ಕನ್ನಡಿಗರು ಇದರಿಂದ ಕಲಿಯುವುದು ಬಹಳವಿದೆ.

ಕಾಡಿನಿಂದ ಬರುವ ಅಸ್ಥಿಪಂಜರ

ಕಾರ್ವಿ ಪಶ್ಚಿಮ ಘಟ್ಟದ ಪೊದೆಗಿಡ. 2022ರಲ್ಲಿ ಬಾಬಾಬುಡನ್‌ಗಿರಿಯ ಬೆಟ್ಟಗಳನ್ನು ನೀಲಿಯಾಗಿಸಿದ ಕುರಿಂಜಿಯ ಹತ್ತಿರದ ಬಂಧು. ಆ ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳಿದರೆ ಕಾರ್ವಿ ಎಂಟು ವರ್ಷಕ್ಕೊಮ್ಮೆ. ಮುಂಬಯಿಯ ಉದ್ಯಾನದಲ್ಲಿ 2008ರಲ್ಲಿ, 2016ರಲ್ಲಿ, 2024ರಲ್ಲಿ ಅದು ಗುಡ್ಡಗಟ್ಟಲೆ ಹೂ ಬಿಟ್ಟಿತು. ಹೂ ಬಿಟ್ಟು, ಬೀಜ ಕಟ್ಟಿ, ಆ ಪೀಳಿಗೆಯ ಗಿಡಗಳೆಲ್ಲ ಒಟ್ಟಿಗೆ ಒಣಗಿ ಸಾಯುತ್ತವೆ. ಮುಂದಿನ ಮಳೆಗೆ ಕಾಯಿಗಳು ಸಿಡಿದು ಬೀಜ ಚೆಲ್ಲುತ್ತವೆ.

ಹೂವಿಗೆ ಜನ ಸೇರುತ್ತಾರೆ. ಮನೆ ಕಟ್ಟುವವರ ಕಣ್ಣು ಮಾತ್ರ ಕಾಂಡದ ಮೇಲೆ. ಹೂವಿಲ್ಲದ ಏಳು ವರ್ಷ ಕಾರ್ವಿ ಮಾಡುವುದು ಒಂದೇ ಕೆಲಸ: ನೆಟ್ಟಗೆ ಬೆಳೆಯುವುದು. ಒತ್ತೊತ್ತಾಗಿ ನಿಂತ ಗಿಡಗಳು ಬೆಳಕಿಗಾಗಿ ಮೇಲಕ್ಕೇ ಏರುವುದರಿಂದ ಕಾಂಡಕ್ಕೆ ಕವಲು ಕಡಿಮೆ. ಆಳೆತ್ತರ ಮೀರಿದ, ಬೆರಳು ಗಾತ್ರದ ಗಟ್ಟಿ ಕಡ್ಡಿಗಳು ಸಿಗುತ್ತವೆ. ಗೋಡೆಯ ಚೌಕಟ್ಟಿಗೆ ಹೇಳಿ ಬೆಳೆಸಿದ ಹಾಗೆ. ಬಿದಿರಿನಂತೆ ಸೀಳಬೇಕಿಲ್ಲ, ಮರದಂತೆ ಕೊಯ್ಯಬೇಕಿಲ್ಲ. ಮಳೆಗಾಲ ಕಳೆದು ಕಾಂಡ ಬಲಿತ ಮೇಲೆ ಕುಡುಗೋಲಿನಿಂದ ಕಡಿದು, ಎಲೆ ಸವರಿ, ಕಟ್ಟು ಕಟ್ಟಿ ಹೊತ್ತು ತಂದರೆ ಸಾಕು.

ಮನೆಯ ಭಾರ ಹೊರುವುದು ಕಾರ್ವಿಯಲ್ಲ. ಮೊದಲು ಮರದ ಕಂಬಗಳನ್ನು ನೆಡುತ್ತಾರೆ, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಮಾಡು. ಮಾಡಿನ ಭಾರವೆಲ್ಲ ಕಂಬಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಗೋಡೆ ಆಮೇಲೆ ಬರುತ್ತದೆ. ಕಂಬದಿಂದ ಕಂಬಕ್ಕೆ ಬಿದಿರಿನ ಸೀಳುಗಳನ್ನು ಅಡ್ಡಲಾಗಿ ಬಿಗಿದು, ಅವಕ್ಕೆ ಕಾರ್ವಿಯನ್ನು ಸಾಲಾಗಿ ನಿಲ್ಲಿಸಿ ನಾರಿನಿಂದ ಕಟ್ಟುತ್ತಾರೆ. ಎರಡು ಕಡ್ಡಿಗಳ ನಡುವೆ ಎಷ್ಟು ಸಂದು ಬಿಡಬೇಕೆಂಬುದು ಅನುಭವದಿಂದಲೇ ಬರುವ ತಿಳಿವಳಿಕೆ. ಸಂದು ದೊಡ್ಡದಾದರೆ ಮಣ್ಣು ಕಳಚಿ ಬೀಳುತ್ತದೆ. ಸಂದೇ ಇಲ್ಲದಿದ್ದರೆ ಒಳಗಿನ ಮಣ್ಣಿಗೂ ಹೊರಗಿನ ಮಣ್ಣಿಗೂ ಕೂಡಿಕೆ ಇರುವುದಿಲ್ಲ, ಎರಡೂ ಬೇರೆ ಬೇರೆ ಹಾಳೆಗಳಾಗಿ ಎದ್ದುಬರುತ್ತವೆ. ಮಣ್ಣು ಒಂದು ಕಡೆಯಿಂದ ಒತ್ತಿದಾಗ ಸಂದಿನ ಮೂಲಕ ಆ ಕಡೆಗೆ ಇಣುಕಿ ಕಡ್ಡಿಯನ್ನು ಅಪ್ಪಿಕೊಳ್ಳಬೇಕು. ಗೋಡೆಯ ಆಯಸ್ಸು ಆ ಹಿಡಿತದ ಮೇಲೆ ನಿಂತಿದೆ.

ಕಂಬ ಬೇರೆ, ಗೋಡೆ ಬೇರೆ ಎಂಬ ಈ ವಿಭಜನೆಯಲ್ಲಿ ದೊಡ್ಡ ಜಾಣ್ಮೆಯಿದೆ. ಗೋಡೆಯ ಒಂದು ಮೂಲೆ ಹಾಳಾದರೆ ಆ ಭಾಗವನ್ನಷ್ಟೇ ಬಿಚ್ಚಿ ಹೊಸದು ಕಟ್ಟಬಹುದು, ಮಾಡಿಗೆ ಏನೂ ಆಗದು. ಬಿಚ್ಚಿದ ಮಣ್ಣನ್ನು ನೀರಿನಲ್ಲಿ ನೆನೆಸಿ ಮತ್ತೆ ಬಳಸಬಹುದು. ಕಡ್ಡಿ ಒಲೆಗೆ ಹೋಗುತ್ತದೆ. ಭೂಮಿ ಕಂಪಿಸಿದರೂ ಹಗುರವಾದ ಈ ಗೋಡೆ ಬಾಗುತ್ತದೆ, ಬಿರುಕು ಬಿಡುತ್ತದೆ, ಒಳಗಿದ್ದವರ ಮೇಲೆ ರಾಶಿಯಾಗಿ ಕುಸಿಯುವುದಿಲ್ಲ.

ಮಣ್ಣಿನ ಹದ, ಕೈಯ ಹದ

ಈಗ ಮಣ್ಣಿನ ಕೆಲಸ. ಇದರ ಬಹುಪಾಲು ಹೆಂಗಸರದು. ಹೊರಗಿನಿಂದ ನೋಡಿದವರಿಗೆ ಇದು ಗೋಡೆಗೆ ಕೆಸರು ಬಳಿದಂತೆ ಕಾಣಬಹುದು. ಅಲ್ಲಿ ನಡೆಯುವುದು ಬಹಳ ಸೂಕ್ಷ್ಮವಾದ ಲೆಕ್ಕಾಚಾರ.

ಮಣ್ಣಿನಲ್ಲಿ ಮರಳಿದೆ, ಅದಕ್ಕಿಂತ ನುಣುಪಾದ ಹೂಳಿದೆ, ಎಲ್ಲಕ್ಕಿಂತ ನುಣುಪಾದ ಜೇಡಿಯಿದೆ. ಅಂಟು ಜೇಡಿಯದು. ಅದರ ಕಣಗಳು ಹಾಳೆಯಂತೆ ಚಪ್ಪಟೆ, ನೀರನ್ನು ಪದರಗಳ ನಡುವೆ ಹಿಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಜೇಡಿ ಕಡಿಮೆಯಾದರೆ ಗೋಡೆ ಮುಟ್ಟಿದಲ್ಲಿ ಉದುರುತ್ತದೆ. ಹೆಚ್ಚಾದರೆ ಒಣಗುತ್ತ ಒಣಗುತ್ತ ಸೀಳುತ್ತದೆ. ಇವೆರಡರ ನಡುವಿನ ಹದ ಹುಡುಕಲು ಗದ್ದೆಯ ಮಣ್ಣಿಗೆ ಗುಡ್ಡದ ಮಣ್ಣನ್ನು ಬೆರೆಸುತ್ತಾರೆ, ಹುಲ್ಲು ಅಥವಾ ಭತ್ತದ ಹೊಟ್ಟು ಸೇರಿಸುತ್ತಾರೆ. ಹುಲ್ಲಿನ ಎಳೆ ಬಿರುಕನ್ನು ಪೂರ್ತಿ ತಡೆಯುವುದಿಲ್ಲ, ಹಂಚುತ್ತದೆ. ಒಂದು ದೊಡ್ಡ ಸೀಳು ಬರುವ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ನೂರು ಗೀರುಗಳು ಬರುತ್ತವೆ, ಮುಂದಿನ ಲೇಪ ಅವನ್ನು ಮುಚ್ಚುತ್ತದೆ.

ಸಗಣಿಗೂ ಕಾರಣವಿದೆ. ದನದ ಹೊಟ್ಟೆಯಲ್ಲಿ ಅರ್ಧ ಜೀರ್ಣವಾದ ಹುಲ್ಲಿನ ನಾರು ಅದರಲ್ಲಿ ತುಂಬಿರುತ್ತದೆ. ಯಾವ ಯಂತ್ರವೂ ಅಷ್ಟು ನುಣ್ಣಗೆ, ಅಷ್ಟು ಸಮವಾಗಿ ನಾರನ್ನು ಬೆರೆಸಲಾರದು. ಜೊತೆಗೆ ಸಗಣಿಯ ಅಂಟು ಜೇಡಿಯ ಕಣಗಳನ್ನು ಬಿಗಿಹಿಡಿದು ಮೇಲ್ಮೈಯನ್ನು ನೀರಿಗೆ ತುಸು ಗಟ್ಟಿಯಾಗಿಸುತ್ತದೆ.

ಮಣ್ಣನ್ನು ಗುಂಡಿಯಲ್ಲಿ ನೆನೆಹಾಕಿ, ಕಾಲಿನಿಂದ ತುಳಿದು, ಚಪಾತಿ ಹಿಟ್ಟಿನ ಹದಕ್ಕೆ ತರುತ್ತಾರೆ. ಮೊದಲ ಲೇಪ ಒರಟು: ಅಂಗೈಯ ಬುಡದಿಂದ ಒತ್ತಿ ಒತ್ತಿ ಕಾರ್ವಿಯ ಸಂದುಗಳಿಗೆ ತುಂಬುವುದು. ಅದು ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಬಿರುಕುಗಳೆಲ್ಲ ಮೊದಲ ಲೇಪದಲ್ಲೇ ಬಂದು ಮುಗಿದರೆ ಒಳ್ಳೆಯದು, ಅವಸರ ಮಾಡಿದರೆ ಅವು ಮೇಲಿನ ಲೇಪಕ್ಕೂ ಏರುತ್ತವೆ. ಎರಡನೆಯ ಲೇಪಕ್ಕೆ ಜರಡಿ ಹಿಡಿದ ನುಣ್ಣನೆಯ ಮಣ್ಣು, ಹೆಚ್ಚು ಸಗಣಿ. ಹಚ್ಚುವ ಮುಂಚೆ ಹಳೆಯ ಮೈಗೆ ನೀರು ಚಿಮುಕಿಸಬೇಕು, ಇಲ್ಲವಾದರೆ ಒಣ ಗೋಡೆ ಹೊಸ ಲೇಪದ ನೀರನ್ನೆಲ್ಲ ಹೀರಿ ಅದನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಕೊನೆಯದು ಸಗಣಿ ನೀರಿನ ಸಾರಣೆ ಅಥವಾ ಗೇರುಮಣ್ಣಿನ ಬಣ್ಣ. ಇಲ್ಲಿ ಕರಣೆಯ ಕೆಲಸವಿಲ್ಲ. ಐದೂ ಬೆರಳು ಬಿಡಿಸಿ, ಅರ್ಧಚಂದ್ರದಂತೆ ಕೈಯಾಡಿಸುತ್ತ ಹೋದ ಗುರುತು ಗೋಡೆಯ ಮೈಯ ಮೇಲೆ ಸಾಲುಸಾಲಾಗಿ ಉಳಿಯುತ್ತದೆ.

ಜಗತ್ತಿಗೆ ಪರಿಚಯವಾದ ವಾರ್ಲಿ ಚಿತ್ರಗಳು ಹುಟ್ಟಿದ್ದು ಇಂಥ ಗೋಡೆಯ ಮೇಲೆ. ಮದುವೆಗೆ ಮುಂಚೆ ಗೋಡೆಗೆ ಹೊಸದಾಗಿ ಮಣ್ಣು ಬಳಿದು, ಗೇರುಮಣ್ಣಿನ ಕೆಂಪು ನೆಲೆಯ ಮೇಲೆ ಹೆಂಗಸರು ಅಕ್ಕಿಹಿಟ್ಟಿನಿಂದ ದೇವಿಯ ಚೌಕ ಬರೆಯುತ್ತಿದ್ದರು. ಡಹಾಣೂ ಕಡೆಯ ಜಿವ್ಯಾ ಸೋಮಾ ಮಾಶೆ (1934–2018) ಆ ಚಿತ್ರಗಳನ್ನು ಕಾಗದಕ್ಕೆ, ಬಟ್ಟೆಗೆ ತಂದಾಗಲೂ ಚಿತ್ರದ ಹಿನ್ನೆಲೆಗೆ ಸಗಣಿ, ಗೇರುಮಣ್ಣು ಬೇಕಾಯಿತು. 2011ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಚಿತ್ರಕ್ಕೆ ಸಿಕ್ಕ ಗೌರವದಲ್ಲಿ ಅದನ್ನು ಹೊತ್ತ ಗೋಡೆಗೂ, ಆ ಗೋಡೆಯನ್ನು ಸವರಿದ ಕೈಗಳಿಗೂ ಪಾಲು ಸಲ್ಲಬೇಕು.

ಎರಡು ಸಾವಿರ ಮಿಲಿಮೀಟರ್ ಮಳೆಯ ಮುಂದೆ

ಮಣ್ಣಿನ ಗೋಡೆ ಮುಂಬಯಿ ಮಳೆಗೆ ನಿಲ್ಲುತ್ತದೆಯೇ? ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಪಾಡಾಗಳ ಉತ್ತರ ಗೋಡೆಯಲ್ಲಿಲ್ಲ, ಅದರ ಮೇಲೆ ಕೆಳಗೆ ಇದೆ. ಮಾಡು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿ ಕೆಳಕ್ಕೆ ಇಳಿದಿರುತ್ತದೆ. ಗಾಳಿಮಳೆ ಹೊಡೆಯುವ ಬದಿಗೆ ಪಡವಿ ಎಂಬ ಜಗಲಿ. ಕೆಳಗೆ ಕಲ್ಲು–ಮಣ್ಣು ತುಂಬಿ ಎತ್ತರಿಸಿದ ಅಡಿಪಾಯ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿದರೂ ಗೋಡೆಯ ಬುಡ ತಲುಪುವುದಿಲ್ಲ. ಮಣ್ಣಿನ ಗೋಡೆಗಳನ್ನು ಕೆಡಿಸುವ ದೊಡ್ಡ ಶತ್ರು ಬುಡಕ್ಕೆ ಸಿಡಿಯುವ ನೀರು ಮತ್ತು ನೆಲದಿಂದ ಮೇಲೇರುವ ತೇವ. ಅವೆರಡನ್ನು ತಡೆದರೆ ಮಿಕ್ಕಿದ್ದು ವರ್ಷಕ್ಕೊಮ್ಮೆಯ ಸಾರಣೆಯಿಂದ ಸರಿಹೋಗುತ್ತದೆ. ಮಳೆ ನಿಂತು ದೀಪಾವಳಿ ಬರುವ ಹೊತ್ತಿಗೆ ಗೋಡೆಗೆ ಹೊಸ ಲೇಪ ಬೀಳುವುದು ಇದಕ್ಕಾಗಿ.

ಮಾಡಿಗೆ ಮೊದಲು ಹುಲ್ಲು, ತಾಳೆಗರಿ ಇತ್ತು. ಆಮೇಲೆ ಕೊಂಕಣ ಕರಾವಳಿಯ ಉದ್ದಕ್ಕೂ ನಮ್ಮ ಮಂಗಳೂರು ಹಂಚು ಬಂತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಡಗು ಹಡಗು ಹಂಚು ಮುಂಬಯಿ ಬಂದರಿಗೆ ಇಳಿಯಿತು. ಹಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತದೆ, ಮಳೆ ಒಳಬರುವುದಿಲ್ಲ. ತೇವದ ಸೆಕೆಯ ಊರಿಗೆ ಹೇಳಿಮಾಡಿಸಿದ ಗುಣ ಅದು. ಕಾರ್ವಿ ಗೋಡೆಯೂ ಹಾಗೆಯೇ. ತೆಳುವಾದ್ದರಿಂದ ಹಗಲಿನ ಕಾವನ್ನು ಕೂಡಿಟ್ಟುಕೊಂಡು ರಾತ್ರಿಯಿಡೀ ಬಿಡುವುದಿಲ್ಲ. ಗಾಳಿಯ ತೇವ ಹೆಚ್ಚಾದಾಗ ಅದರ ಮಣ್ಣು ತುಸು ಹೀರಿಕೊಳ್ಳುತ್ತದೆ, ಒಣಗಿದಾಗ ಬಿಟ್ಟುಕೊಡುತ್ತದೆ. ವಿಜಯಪುರ, ಕಲಬುರಗಿಯ ಒಣ ಬಿಸಿಲಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಹಗಲ ಬಿಸಿಲು ಒಳಮುಟ್ಟುವ ಹೊತ್ತಿಗೆ ರಾತ್ರಿಯಾಗುವಷ್ಟು ದಪ್ಪ ಗೋಡೆ, ಮಣ್ಣಿನ ಮಾಳಿಗೆ ಅಲ್ಲಿಗೆ ಸರಿ. ಎಲ್ಲ ಊರಿಗೂ ಒಪ್ಪುವ ಒಂದೇ ಪರಿಸರಸ್ನೇಹಿ ಮನೆ ಎಂಬುದಿಲ್ಲ.

ಐದು ಮೈಲಿಯ ಅಳತೆ

ಇದೇ ಮುಂಬಯಿಯಲ್ಲಿ 1940ರ ದಶಕದಲ್ಲಿ ಒಂದು ಭೇಟಿ ನಡೆಯಿತು. ಚೀನಾದಲ್ಲಿ ಸೇವೆ ಮುಗಿಸಿ ಇಂಗ್ಲೆಂಡಿಗೆ ಹಡಗು ಕಾಯುತ್ತಿದ್ದ ಲಾರಿ ಬೇಕರ್ ಎಂಬ ತರುಣ ವಾಸ್ತುಶಿಲ್ಪಿ ಗಾಂಧೀಜಿಯನ್ನು ಕಂಡರು. ಆದರ್ಶ ಹಳ್ಳಿಯ ಆದರ್ಶ ಮನೆಯನ್ನು ಅದರ ಸುತ್ತಲಿನ ಐದು ಮೈಲಿಯೊಳಗೆ ಸಿಗುವ ಸಾಮಗ್ರಿಯಿಂದಲೇ ಕಟ್ಟಬೇಕು ಎಂಬ ಗಾಂಧೀಜಿಯ ವಿಚಾರ ತಮ್ಮ ಜೀವನವನ್ನೇ ತಿದ್ದಿತೆಂದು ಬೇಕರ್ ಮುಂದೆ ಹಲವು ಸಲ ನೆನೆದರು. ಬೇಕರ್ ಭಾರತದಲ್ಲೇ ನೆಲೆಸಿ, ತಿರುವನಂತಪುರವನ್ನು ಕೇಂದ್ರ ಮಾಡಿಕೊಂಡು, 2007ರಲ್ಲಿ ತೀರಿಕೊಳ್ಳುವವರೆಗೆ ಬಡವರಿಗೆ ಎಟಕುವ ಮನೆಗಳನ್ನು ಕಟ್ಟಿದರು. ಇಟ್ಟಿಗೆಯನ್ನು ಮಗ್ಗುಲಿಗೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಗೋಡೆಯಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ ಎಂದು ತೋರಿಸಿದರು. ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಾಳುವುದು ಉಕ್ಕು, ಕಾಂಕ್ರೀಟ್ ಅಲ್ಲ. ಹಾಗಾಗಿ ಅಲ್ಲಿನ ಕಾಂಕ್ರೀಟಿನ ಬದಲು ಹಳೆಯ ಮಂಗಳೂರು ಹಂಚುಗಳನ್ನು ಇಟ್ಟರು.

ಐದು ಮೈಲಿ ಎಂದರೆ ಎಂಟು ಕಿಲೋಮೀಟರ್. ಪಾಡಾದ ಮನೆಗೆ ಈ ಅಳತೆ ಹಿಡಿದು ನೋಡಿ: ಕಾರ್ವಿ, ಬಿದಿರು, ಮಣ್ಣು, ಸಗಣಿ, ಹುಲ್ಲು ಎಲ್ಲವೂ ಅದರೊಳಗೆ. ಹಂಚೊಂದೇ ದೂರದ್ದು. ಸಿಮೆಂಟಿನ ಕಥೆ ಬೇರೆ. ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿಯ ಗೂಡಿನಲ್ಲಿ ಸುಡಬೇಕು. ಆಗ ಇಂಧನದ ಹೊಗೆಯ ಜೊತೆಗೆ ಕಲ್ಲಿನೊಳಗೆ ಅಡಗಿದ್ದ ಇಂಗಾಲದ ಡೈಆಕ್ಸೈಡೂ ಹೊರಬರುತ್ತದೆ. ಅನಿವಾರ್ಯವಾದಲ್ಲಿ ಸಿಮೆಂಟ್ ಬೇಕೇ ಬೇಕು. ಬೇಡದಲ್ಲಿ ಸುರಿಯುವುದು ಅವಿವೇಕ.

ಕಾರ್ವಿ ಎಲ್ಲರಿಗೂ ಸಿಗುವುದಿಲ್ಲ, ಸಿಗಲೂಬಾರದು. ರಾಷ್ಟ್ರೀಯ ಉದ್ಯಾನದಿಂದ ಏನನ್ನೂ ಕಡಿದು ತರಲು ಕಾನೂನಿನ ತಡೆಯಿದೆ. ನಗರದ ಕೋಟಿ ಜನ ಕಾರ್ವಿ ಬೇಕೆಂದರೆ ಬೆಟ್ಟ ಬೋಳಾಗುತ್ತದೆ. ಆದ್ದರಿಂದ ಕಲಿಯಬೇಕಾದದ್ದು ಆ ಕಡ್ಡಿಯನ್ನಲ್ಲ, ಆ ಅಳತೆಯನ್ನು. ಉಡುಪಿ, ದಕ್ಷಿಣ ಕನ್ನಡದಲ್ಲಿ ಐದು ಮೈಲಿಯೊಳಗೆ ಇರುವುದು ಮುರಕಲ್ಲು ಮತ್ತು ಅದರ ಕೆಂಪು ಮಣ್ಣು. ಬಯಲುಸೀಮೆಯಲ್ಲಿ ಮರಳು ಬೆರೆತ ಕೆಮ್ಮಣ್ಣು, ಸೈಜುಗಲ್ಲು. ಕಲಬುರಗಿಯಲ್ಲಿ ಶಹಾಬಾದ್ ಕಲ್ಲು. ಬಾಗಲಕೋಟೆ, ವಿಜಯಪುರದ ಎರೆಮಣ್ಣು ಮಾತ್ರ ನೀರಿಗೆ ಬಹಳ ಉಬ್ಬುವ ಜಾತಿ. ಅದಕ್ಕೆ ಸಿಮೆಂಟಿಗಿಂತ ಸುಣ್ಣ ಹೆಚ್ಚು ಒಗ್ಗುತ್ತದೆ.

ಒತ್ತಿದ ಮಣ್ಣಿನ ಇಟ್ಟಿಗೆ

ಹಳೆಯ ಮಣ್ಣಿನ ವಿದ್ಯೆಯನ್ನು ಹೊಸ ಮನೆಗೆ ತಂದವರಲ್ಲಿ ಕನ್ನಡನಾಡಿನ ವಿಜ್ಞಾನಿಗಳ ಪಾತ್ರ ದೊಡ್ಡದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಕೇಂದ್ರ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಹಚ್ಚುವುದು ಅದರ ಗುರಿ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಅಲ್ಲಿ ವರ್ಷಗಟ್ಟಲೆ ಮಣ್ಣನ್ನು ಅಭ್ಯಾಸ ಮಾಡಿ, ಸುಡದೆ ಗಟ್ಟಿಯಾಗುವ ಇಟ್ಟಿಗೆಯ ಹದವನ್ನು ಕಂಡುಕೊಂಡರು. ಬೆಂಗಳೂರಿನ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರಂಥವರು ಅದೇ ಬಗೆಯ ಮಣ್ಣಿನ ಇಟ್ಟಿಗೆಯಿಂದ ಸುಂದರವಾದ ಹೊಸ ಮನೆಗಳನ್ನು ಕಟ್ಟಿ ತೋರಿಸಿದ್ದಾರೆ.

ಕೆಲಸ ಆರಂಭವಾಗುವುದು ಗಾಜಿನ ಬಾಟಲಿಯಿಂದ. ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಗೊಬ್ಬರವಿರುತ್ತದೆ. ಅದನ್ನು ತೋಟಕ್ಕೆ ತೆಗೆದಿಟ್ಟು ಕೆಳಗಿನದನ್ನು ತೆಗೆದುಕೊಳ್ಳಬೇಕು. ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮಿಕ್ಕಿದ್ದು ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಮೊದಲ ಕೆಲವು ನಿಮಿಷಗಳಲ್ಲೇ ತಳ ಸೇರುತ್ತದೆ. ಅದರ ಮೇಲೆ ಹೂಳು, ರಾತ್ರಿ ಕಳೆದ ಮೇಲೆ ಎಲ್ಲಕ್ಕೂ ಮೇಲೆ ಜೇಡಿ. ಪದರಗಳನ್ನು ಅಳೆದರೆ ಮಣ್ಣಿನ ಸ್ವಭಾವದ ಒಂದು ಅಂದಾಜು ಸಿಗುತ್ತದೆ. ಈ ಇಟ್ಟಿಗೆಗೆ ಮರಳು ಹೆಚ್ಚಿರಬೇಕು, ಜೇಡಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಸಾಕು. ಜೇಡಿ ಹೆಚ್ಚಿದ್ದರೆ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸುತ್ತಾರೆ.

ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಐದರಿಂದ ಎಂಟರಷ್ಟು ಸಿಮೆಂಟನ್ನು ಒಣದಾಗಿಯೇ ಬೆರೆಸಿ, ಆಮೇಲೆ ನೀರು ಚಿಮುಕಿಸುತ್ತಾರೆ. ನೀರಿನ ಹದವೇ ಇಲ್ಲಿ ಎಲ್ಲ. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಕೈಗೆ ಮೆತ್ತಬಾರದು. ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಕೆಲವೇ ಚೂರುಗಳಾಗಿ ಒಡೆಯಬೇಕು. ಚಪ್ಪಟೆಯಾಗಿ ಕೂತರೆ ನೀರು ಹೆಚ್ಚಾಯಿತು, ಪುಡಿಯಾಗಿ ಚೆದುರಿದರೆ ಕಡಿಮೆಯಾಯಿತು. ತೂಕ ಮಾಡಿದ ಮಣ್ಣನ್ನು ಅಚ್ಚಿನಲ್ಲಿ ಹಾಕಿ ಉದ್ದ ಹಿಡಿಕೆಯ ಕೈಯಂತ್ರದಿಂದ ಒತ್ತುತ್ತಾರೆ. ಪ್ರತಿ ಇಟ್ಟಿಗೆಗೂ ಅಷ್ಟೇ ತೂಕದ ಮಣ್ಣು ಹಾಕುವುದು ನೋಡಲು ಸಣ್ಣ ಶಿಸ್ತು. ಅದು ತಪ್ಪಿದರೆ ಒಂದು ಇಟ್ಟಿಗೆ ಗಟ್ಟಿ, ಇನ್ನೊಂದು ಪೊಳ್ಳು. ಹೊರಬಂದ ಇಟ್ಟಿಗೆಗಳನ್ನು ನೆರಳಿನಲ್ಲಿ ಜೋಡಿಸಿ, ಹುಲ್ಲು ಹೊದಿಸಿ, ಮೂರು ನಾಲ್ಕು ವಾರ ನೀರುಣಿಸಬೇಕು. ಬೆಂಕಿಯಿಲ್ಲ, ಗೂಡಿಲ್ಲ. ಸುಟ್ಟ ಇಟ್ಟಿಗೆಯ ಗೋಡೆಗೆ ಬೇಕಾದ ಶಕ್ತಿಯ ಅರ್ಧಕ್ಕಿಂತಲೂ ಕಡಿಮೆಯಲ್ಲಿ ಗೋಡೆ ಏಳುತ್ತದೆ. ಮುಖ ನಯವಾಗಿರುವುದರಿಂದ ಹೊರಗೆ ಗಿಲಾವು ಬೇಡ, ಬಣ್ಣವೂ ಬೇಡ. ಆ ಊರಿನ ಮಣ್ಣಿನ ಬಣ್ಣವೇ ಮನೆಯ ಬಣ್ಣ.

ಕಾರ್ವಿ ಗೋಡೆ ಕಲಿಸಿದ ಪಾಠಗಳೆಲ್ಲ ಇಲ್ಲಿಗೂ ಅನ್ವಯ: ಅಡಿಪಾಯ ಎತ್ತರಿಸಿ, ಸೂರು ಚಾಚಿ, ತೇವ ತಡೆಯಿರಿ. ಜೊತೆಗೆ ಇನ್ನೊಂದು ಎಚ್ಚರವೂ ಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಮುಖ್ಯವಾಗಿ ಮಣ್ಣಿನ ಗಾರೆಯ ಉರುಟುಕಲ್ಲು ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ ಕುಸಿದು. ಮಣ್ಣೆಂದರೆ ಸಾಕು, ಎಲ್ಲವೂ ಒಳ್ಳೆಯದೇ ಎಂದು ನಂಬುವುದು ಅಪಾಯ. ಭಾರ ಹೊರುವ ಗೋಡೆಗೆ ಅಡಿಪಾಯದ ಮಟ್ಟದಲ್ಲಿ, ಬಾಗಿಲ ಮೇಲ್ಮಟ್ಟದಲ್ಲಿ, ಮಾಡಿನ ಮಟ್ಟದಲ್ಲಿ ಉಕ್ಕು ಹಾಕಿದ ಕಾಂಕ್ರೀಟ್ ಪಟ್ಟಿ ಇರಲೇಬೇಕು. ಸಿಮೆಂಟ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವ ಜಾಗ ಅದು.

ಊರಿನ ಮನೆಗೆ

ಬೊರಿವಲಿ, ಮುಲುಂಡ್, ಭಾಂಡೂಪ್, ಠಾಣೆಯಲ್ಲಿ ನೆಲೆಸಿದ ನಮ್ಮ ಕುಟುಂಬಗಳು ಈ ಕಾಡನ್ನು ಸುತ್ತುವರಿದೇ ಬದುಕುತ್ತಿವೆ. ಊರಿನಲ್ಲಿ ಒಂದು ಮನೆ ಎಂಬ ಕನಸು ಅವರಲ್ಲಿ ಅನೇಕರದು. ಆ ಕನಸು ನನಸಾಗುವಾಗ ಮುಂಬಯಿಯ ಫ್ಲ್ಯಾಟಿನ ನಕ್ಷೆಯೇ ಹಳ್ಳಿಗೂ ಹೋಗುವುದು ನನ್ನನ್ನು ಕಾಡುತ್ತದೆ. ಸೂರಿಲ್ಲದ ಚಪ್ಪಟೆ ತಾರಸಿ, ಬಿಸಿಲಿಗೆ ಕಾದ ಕಾಂಕ್ರೀಟ್, ವರ್ಷದ ಹನ್ನೊಂದು ತಿಂಗಳು ಮುಚ್ಚಿದ ಕಿಟಕಿ. ಎರಡು ಮಳೆಗಾಲ ಕಳೆದ ಮೇಲೆ ಸೋರುವ ತಾರಸಿಯ ಮೇಲೆ ಮತ್ತೆ ತಗಡಿನ ಮಾಡು. ನಮ್ಮ ಅಜ್ಜಂದಿರು ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದವರು. ಆ ವಿವೇಕ ಒಂದೇ ತಲೆಮಾರಿನಲ್ಲಿ ಕೈಬಿಟ್ಟುಹೋಗುವುದು ದೊಡ್ಡ ನಷ್ಟ.

ಮನೆ ಕಟ್ಟಿಸುವವರು ನಕ್ಷೆಗಿಂತ ಮೊದಲು ಮಾಡಬೇಕಾದ ಕೆಲಸಗಳಿವೆ. ಮಳೆಗಾಲದಲ್ಲಿ ಒಮ್ಮೆ ಆ ಜಾಗಕ್ಕೆ ಹೋಗಿ ನೀರು ಎತ್ತ ಹರಿಯುತ್ತದೆ, ಗಾಳಿಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ ಎಂದು ನೋಡಿ. ಅಡಿಪಾಯ ತೋಡುವಾಗ ಸಿಗುವ ಮಣ್ಣನ್ನು ಲಾರಿಗೆ ತುಂಬಿ ಕಳಿಸುವ ಮುಂಚೆ ಬಾಟಲಿಯಲ್ಲಿ ಕುಲುಕಿ ಪರೀಕ್ಷಿಸಿ. ಊರಿನ ಹಳೆಯ ಮನೆ ಬೀಳಿಸುವವರಿದ್ದರೆ ಅದರ ಹಂಚು, ಮರ, ಕಲ್ಲನ್ನು ಕೊಂಡುಕೊಳ್ಳಿ. ಮಣ್ಣಿನ ಕೆಲಸ ಬಲ್ಲ ಹಿರಿಯ ಮೇಸ್ತ್ರಿ, ಗೋಡೆ ಸಾರಿಸಬಲ್ಲ ಅಜ್ಜಿ ಊರಲ್ಲಿ ಇನ್ನೂ ಇದ್ದರೆ ಅವರನ್ನು ಕೆಲಸದ ಜಾಗಕ್ಕೆ ಕರೆಸಿ, ಎಂಜಿನಿಯರಿಗೆ ಕೊಡುವ ಹಾಗೆಯೇ ಅವರ ಸಲಹೆಗೂ ಸಂಬಳ ಕೊಡಿ. ಕಲಿಯಲು ಬರುವ ತರುಣರಿಗೂ ದಿನಗೂಲಿ ಕೊಡಿ. ಸಿಮೆಂಟಿನಲ್ಲಿ ಉಳಿಸಿದ ಹಣದ ಒಂದು ಭಾಗ ಹೀಗೆ ಕೂಲಿಯಾಗಿ ಊರಿನಲ್ಲೇ ಉಳಿದರೆ ವಿದ್ಯೆಯೂ ಊರಿನಲ್ಲೇ ಉಳಿಯುತ್ತದೆ, ಮುಂದಿನ ಮನೆ ಕಟ್ಟುವವರಿಗೆ ಅದು ಐದು ಮೈಲಿಯೊಳಗೇ ಸಿಗುತ್ತದೆ.